ಮನೆ ಹತ್ತಿರವಾದಾಗಲೇ ಬರುವ ನಿದ್ದೆ: ಒಬ್ಬರೇ ಕಾರು ಓಡಿಸುವವರಿಗೆ

ಬೆಂಗಳೂರಿನಿಂದ ಒಬ್ಬರೇ ಕಾರು ಓಡಿಸಿಕೊಂಡು ಮಡಿಕೇರಿ, ಸುಳ್ಯದ ದಾರಿಯಾಗಿ ಕಾಸರಗೋಡಿಗೆ ಮರಳುವವರು ಸಂಪಾಜೆ ಘಾಟಿಯನ್ನು ಎಚ್ಚರದಿಂದಲೇ ಇಳಿಯುತ್ತಾರೆ. ಜಾಲ್ಸೂರು ಕಳೆದು, ಇನ್ನೇನು ಮನೆ ಬಂತೆನ್ನುವಾಗಲೇ ಮೈ ಸಡಿಲಾಗಿ ಕಣ್ಣೆಳೆಯುತ್ತದೆ. ಕಳೆದ ತಿಂಗಳು ಆದೂರಿನ ಸಮೀಪದ ತಿರುವಿನಲ್ಲಿ ನನ್ನ ಕಾರಿನ ಎಡಚಕ್ರ ಮಣ್ಣಿಗಿಳಿದು ಜಲ್ಲಿ ಚಟಪಟನೆ ಸಿಡಿದಾಗಲೇ ನನಗೆ ಎಚ್ಚರವಾದದ್ದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 3 ಸೆಕೆಂಡು ಕಣ್ಣು ಮುಚ್ಚಿದರೆ ಕಾರು 50 ಮೀಟರ್ ಸಾಗಿರುತ್ತದೆ. ಕಿಟಕಿ ತೆರೆಯುವುದು, ಹಾಡು ಹಾಕುವುದು ಇವೆಲ್ಲ ಬರಿಯ ಸಮಾಧಾನ. ಜನಸಂಚಾರವಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಒಂದು ಕಾಫಿ ಕುಡಿಯಿರಿ. ಅದರ ಪರಿಣಾಮ ತೋರಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ ಆ ಹೊತ್ತಿನಲ್ಲೇ 20 ನಿಮಿಷ ಮಲಗಿ, ಎದ್ದು ಮುಖ ತೊಳೆದು ಹೊರಡಿರಿ. ಮನೆಯವರಿಗೆ ತಲುಪುವ ಹೊತ್ತನ್ನು ಒಂದು ಗಂಟೆ ತಡವಾಗಿಯೇ ಹೇಳಿರಿ. ಊಟ ಆರುತ್ತದೆಂಬ ಫೋನು ಬಾರದಿದ್ದರೆ ಕಾಲು ಆಕ್ಸಿಲರೇಟರಿನ ಮೇಲೆ ಭಾರವಾಗುವುದಿಲ್ಲ.