ಸ್ಲೀಪ್ ಬೇಡ, ಕೊನೆಗೊಂದು ರೆಕಾರ್ಡ್ ಸಾಕು

ಸತತವಾಗಿ ಹರಿದುಬರುವ ಡೇಟಾವನ್ನು ಸಂಸ್ಕರಿಸುವ ಲೈಬ್ರರಿ ಕಾಫ್ಕಾ ಸ್ಟ್ರೀಮ್ಸ್‌ನಲ್ಲಿ, ವಿಂಡೋ (ಲೆಕ್ಕ ಕೂಡಿಸುವ ಒಂದು ಕಾಲಾವಧಿ) ಮುಚ್ಚಿದ ಮೇಲಷ್ಟೇ ಫಲಿತಾಂಶ ಕೊಡುವ ಕೋಡ್‌ಗೆ ಟೆಸ್ಟ್ ಬರೆಯುವಾಗ ಸ್ಲೀಪ್ (ಕೋಡನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಆದೇಶ) ಹಾಕಿ ಕಾಯಬೇಡಿ. ಬ್ರೋಕರ್ (ಕಾಫ್ಕಾ ಸರ್ವರ್) ಇಲ್ಲದೆಯೇ ಕೋಡನ್ನು ಓಡಿಸಿ ನೋಡುವ ಟೋಪಾಲಜಿ ಟೆಸ್ಟ್ ಡ್ರೈವರ್‌ಗೆ ಡೇಟಾ ಎಲ್ಲ ಕೊಟ್ಟಾದ ಮೇಲೆ, ವಿಂಡೋದ ಅಂತ್ಯ ಮತ್ತು ಗ್ರೇಸ್ ಅವಧಿ (ತಡವಾಗಿ ಬರುವ ಡೇಟಾಕ್ಕೆ ಕೊಡುವ ಹೆಚ್ಚುವರಿ ಸಮಯ) ಎರಡೂ ಮುಗಿಯುವ ಹೊತ್ತಿನ ಅಥವಾ ಅದರ ನಂತರದ ಟೈಮ್‌ಸ್ಟ್ಯಾಂಪ್ ಇರುವ ಇನ್ನೊಂದು ರೆಕಾರ್ಡ್ ಕಳುಹಿಸಿ. ವಿಂಡೋಗಳ ಮಟ್ಟಿಗೆ ಕಾಲ ಸರಿಯುವುದು ಗೋಡೆ ಗಡಿಯಾರದಿಂದಲ್ಲ, ಬಂದ ರೆಕಾರ್ಡ್‌ಗಳ ಟೈಮ್‌ಸ್ಟ್ಯಾಂಪ್‌ನಿಂದ. ಆದ್ದರಿಂದ ಎಷ್ಟು ಹೊತ್ತು ಕಾದರೂ ಕೊನೆಯ ವಿಂಡೋ ತಾನಾಗಿ ಮುಚ್ಚುವುದಿಲ್ಲ. ಶಿರಸಿಯ ಮಳೆಮಾಪಕದ ಅಳತೆಗಳನ್ನು 10 ನಿಮಿಷಕ್ಕೊಮ್ಮೆ ಕೂಡಿಸುತ್ತೀರಿ, ಗ್ರೇಸ್ 2 ನಿಮಿಷ ಎಂದಿಟ್ಟುಕೊಳ್ಳಿ: 10:00ರಿಂದ 10:10ರವರೆಗಿನ ಮೊತ್ತ ಹೊರಬರಲು 10:12ರ ಒಂದು ರೆಕಾರ್ಡ್ ಬೇಕು. 10:11ರ ಅಳತೆಯ ನಂತರ ತಡವಾಗಿ ಬಂದ 10:09ರದ್ದು ಲೆಕ್ಕಕ್ಕೆ ಸೇರಬೇಕು, 10:12ರದ್ದರ ನಂತರ ಬಂದ 10:09ರದ್ದು ಬಿದ್ದುಹೋಗಬೇಕು, ಸರಿಯಾಗಿ 10:10ರದ್ದು ಮುಂದಿನ ವಿಂಡೋಗೆ ಹೋಗಬೇಕು. ಈ ಮೂರನ್ನೂ ಟೆಸ್ಟ್‌ನಲ್ಲಿ ಬರೆದಿಡಿ, ತಪ್ಪುಗಳು ಹೆಚ್ಚಾಗಿ ಅಡಗಿರುವುದು ಈ ಅಂಚುಗಳಲ್ಲೇ. ಕೊನೆಯ ರೆಕಾರ್ಡ್ ನಡುವಿನ ಫಿಲ್ಟರ್‌ನಲ್ಲಿ ಸೋಸಿಹೋದರೆ ಉಪಯೋಗವಿಲ್ಲ. ಗೋಡೆ ಗಡಿಯಾರವನ್ನು ನೋಡಿ ನಡೆಯುವ ಪಂಕ್ಚುಯೇಟರ್ (ನಿಗದಿತ ಅಂತರದಲ್ಲಿ ತಾನಾಗಿ ಓಡುವ ಕೋಡ್) ಇದ್ದರೆ ಡ್ರೈವರ್‌ನ ಗಡಿಯಾರವನ್ನು ಬೇರೆಯಾಗಿಯೇ ಮುಂದಕ್ಕೆ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಡ್ರೈವರ್ ಹಲವು ಪಾರ್ಟಿಶನ್‌ಗಳ (ಡೇಟಾವನ್ನು ಹಂಚಿಟ್ಟ ಭಾಗಗಳ) ನಡವಳಿಕೆಯನ್ನು ತೋರಿಸುವುದಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಕಡೆಯ ಮಾಪಕಗಳಿಗೆ ನೆಟ್‌ವರ್ಕ್ ಹೋಗಿ ಅವುಗಳ ಪಾರ್ಟಿಶನ್‌ಗೆ ಏನೂ ಬಾರದಿದ್ದರೆ, ಕಾರವಾರದ ಅಳತೆಗಳು ಬೇರೆ ಪಾರ್ಟಿಶನ್‌ನಲ್ಲಿ ಎಷ್ಟು ಬಂದರೂ, ಕಾಲ ಪ್ರತಿ ಪಾರ್ಟಿಶನ್‌ಗೂ ಬೇರೆಯಾಗಿ ಸರಿಯುವುದರಿಂದ, ಘಟ್ಟದ ವಿಂಡೋ ತೆರೆದೇ ಉಳಿಯುತ್ತದೆ. ಅದನ್ನು ಪರೀಕ್ಷಿಸಲು ನಿಜವಾದ ಬ್ರೋಕರ್ ಓಡಿಸಿಯೇ ಟೆಸ್ಟ್ ಬರೆಯಬೇಕು.