ಇಂಗ್ಲೆಂಡಿನಲ್ಲಿ ಗರ್ಭಕೋಶ ತೆಗೆಸಿಕೊಳ್ಳುವ ಟ್ರಾನ್ಸ್ ಗಂಡಸರಿಗೆ: ಏನು ಕೇಳಬೇಕು, ಎಲ್ಲಿ ಕೇಳಬೇಕು

ನಮ್ಮ ಆಲ್ದೂರಿನ ಕಡೆ ಗರ್ಭಕೋಶ ತೆಗೆಸುವುದು ಅಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ. "ಅವಳಿಗೆ ಆಪರೇಷನ್ ಆಯ್ತಂತೆ" ಅಂದರೆ ಸಾಕು, ಯಾವ ಆಪರೇಷನ್ ಅಂತ ಅರ್ಧ ಊರಿಗೆ ಗೊತ್ತು. ನಮ್ಮ ಚಿಕ್ಕಮ್ಮನಿಗೆ 38ಕ್ಕೇ ಆಯಿತು. ಮುಟ್ಟು ಜಾಸ್ತಿ ಹೋಗುತ್ತಿತ್ತು ಅಂತ ಆಸ್ಪತ್ರೆಗೆ ಹೋದವರಿಗೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದು ಕಳಿಸಿದರು. ಹಾಗೆ ಎರಡೂ ಹೋಗಿವೆ ಅಂತ ಚಿಕ್ಕಮ್ಮನಿಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಾಗ ಬೇರೆ ಡಾಕ್ಟರ್ ಒಬ್ಬರು ಹಳೇ ಡಿಸ್ಚಾರ್ಜ್ ಚೀಟಿ ಓದಿ ಹೇಳಿದರು. ಮೂಳೆ ಸವೆದಿತ್ತು.

ನಾನು ಟ್ರಾನ್ಸ್ ಗಂಡಸು, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರೂ ಗಂಡಾಗಿ ಬದುಕುವವನು. ಎಂಟು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಎರಡು ವರ್ಷದ ಹಿಂದೆ ಅಲ್ಲಿ ನನ್ನ ಆಪರೇಷನ್ ಆಯಿತು. ಈಗ ಕಾಫಿ ಕೊಯ್ಲಿನ ಹೊತ್ತಿಗೆ ರಜೆ ಹಾಕಿ ಮನೆಗೆ ಬಂದಿದ್ದೇನೆ. ಹಾಸನ, ಬೇಲೂರು, ಮೂಡಿಗೆರೆ ಕಡೆಯಿಂದ ಹೋಗಿ ಅಲ್ಲಿ ಓದುತ್ತಿರುವ, ನರ್ಸ್ ಆಗಿರುವ, ಐಟಿಯಲ್ಲಿರುವ ನಾಲ್ಕೈದು ಹುಡುಗರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ, "ಅಣ್ಣಾ, ಎಲ್ಲಿಂದ ಶುರು ಮಾಡಲಿ?" ಎಲ್ಲರಿಗೂ ಬಿಡಿ ಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ದಾರಿಗಿಂತ ಮೊದಲು ತೀರ್ಮಾನದ ಮಾತು. ಗರ್ಭಕೋಶ ಒಂದು ಪ್ರಶ್ನೆ, ಅಂಡಾಶಯ ಇನ್ನೊಂದು ಪ್ರಶ್ನೆ. ಹಿಸ್ಟರೆಕ್ಟಮಿ ಅಂದರೆ ಗರ್ಭಕೋಶ ತೆಗೆಯುವುದು, ಅಷ್ಟೇ. ಅದರ ಜೊತೆ ಗರ್ಭಕಂಠವನ್ನೂ ತೆಗೆದರೆ ಟೋಟಲ್, ಅದನ್ನು ಉಳಿಸಿದರೆ ಸಬ್‌ಟೋಟಲ್. ಅಂಡನಾಳ ತೆಗೆಯುವುದು ಬೇರೆ. ಅಂಡಾಶಯ ಒಂದು ತೆಗೆಯಬೇಕೋ, ಎರಡೂ ತೆಗೆಯಬೇಕೋ, ಎರಡೂ ಇರಲೋ ಅನ್ನುವುದು ಇನ್ನೂ ಬೇರೆ. ಒಪ್ಪಿಗೆ ಪತ್ರದಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಆ ಸಾಲನ್ನು ನಿಧಾನವಾಗಿ ಓದಿ, ಒಂದೊಂದು ಪದಕ್ಕೂ ಅರ್ಥ ಕೇಳಿ.

ಎರಡೂ ಅಂಡಾಶಯ ತೆಗೆದರೆ ಮೈಯಲ್ಲಿ ಸ್ವಂತ ಹಾರ್ಮೋನ್ ಹೆಚ್ಚುಕಡಿಮೆ ನಿಂತ ಹಾಗೆ. ಆಮೇಲೆ ನಾವು ತೆಗೆದುಕೊಳ್ಳುವ ಗಂಡು ಹಾರ್ಮೋನ್, ಅಂದರೆ ಟೆಸ್ಟೋಸ್ಟಿರೋನ್, ತಪ್ಪಿಸುವ ಹಾಗಿಲ್ಲ. ಸಣ್ಣ ವಯಸ್ಸಿನಲ್ಲಿ ಯಾವ ಹಾರ್ಮೋನೂ ಇಲ್ಲದೆ ವರ್ಷಗಟ್ಟಲೆ ಕಳೆದರೆ ಮೂಳೆ ತೆಳ್ಳಗಾಗುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಇದು ಅಷ್ಟು ದೊಡ್ಡ ಚಿಂತೆ ಅಲ್ಲದಿರಬಹುದು. ನಮ್ಮ ಕಥೆ ಬೇರೆ. ನನ್ನ ವೀಸಾ ಆಗ ಕಂಪನಿಯ ಕೈಯಲ್ಲಿತ್ತು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ, ಅಷ್ಟರಲ್ಲಿ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಗಂಟುಮೂಟೆ ಕಟ್ಟಿಕೊಂಡು ಬಂದು, ಇಲ್ಲಿ ಹೊಸ ಡಾಕ್ಟರ್ ಹುಡುಕಿ, ಹಳೇ ಕಾಗದ ತೋರಿಸಿ, ಮತ್ತೆ ಇಂಜೆಕ್ಷನ್ ಶುರುವಾಗುವ ತನಕ ತಿಂಗಳುಗಳು ಕಳೆಯಬಹುದು ಅಂತ ಲೆಕ್ಕ ಹಾಕಿಯೇ ನಾನು ಒಂದು ಅಂಡಾಶಯ ಉಳಿಸಿಕೊಂಡೆ. ನೀವೂ ಹಾಗೇ ಮಾಡಬೇಕಂತಿಲ್ಲ. ಅದು ಒಳಗಿದೆ ಅನ್ನುವ ಯೋಚನೆಯೇ ಕೆಲವರಿಗೆ ಹಿಂಸೆ. ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದವರ ಲೆಕ್ಕವೇ ಬೇರೆ. ಆದರೆ ಈ ಪ್ರಶ್ನೆಯನ್ನು ನೀವೇ ಎತ್ತಿ.

ಇನ್ನೊಂದು ಭಯ ಬಹಳ ಜನರಲ್ಲಿದೆ. ಟೆಸ್ಟೋಸ್ಟಿರೋನ್ ಶುರು ಮಾಡಿ ಕೆಲವು ವರ್ಷ ಆದ ಮೇಲೆ ಗರ್ಭಕೋಶ ತೆಗೆಸಲೇಬೇಕು, ಇಲ್ಲದಿದ್ದರೆ ಕ್ಯಾನ್ಸರ್ ಬರುತ್ತದೆ ಅಂತ. ಹಿಂದೆ ಡಾಕ್ಟರ್‌ಗಳೂ ಹಾಗೆ ಹೇಳುತ್ತಿದ್ದರು. ಟ್ರಾನ್ಸ್ ಜನರ ಚಿಕಿತ್ಸೆಯ ಬಗ್ಗೆ ಅಂತರರಾಷ್ಟ್ರೀಯ ತಜ್ಞರ ಸಂಘ ಡಬ್ಲ್ಯೂಪ್ಯಾತ್ ಹೊರಡಿಸುವ ಮಾರ್ಗಸೂಚಿಯ 8ನೇ ಆವೃತ್ತಿ 2022ರಲ್ಲಿ ಬಂತು. ಅದು, ಬೇರೆ ಅಪಾಯ ಇಲ್ಲದವರಿಗೆ ಬರೀ ಕ್ಯಾನ್ಸರ್ ತಡೆಯುವುದಕ್ಕೆಂದು ತೆಗೆಸುವುದು ಬೇಡ ಎನ್ನುತ್ತದೆ. ಅಂದರೆ ಯಾರೂ ನಿಮ್ಮನ್ನು ಓಡಿಸುತ್ತಿಲ್ಲ. ಮುಟ್ಟು ಪೂರ್ತಿ ನಿಂತಿಲ್ಲ, ಕಿಬ್ಬೊಟ್ಟೆ ಹಿಂಡುತ್ತದೆ, ಬಸಿರಾಗುವ ಭಯ ಇದೆ, ಅಥವಾ ಈ ಅಂಗ ನನ್ನದಲ್ಲ ಅನಿಸುತ್ತದೆ, ಇವೆಲ್ಲ ಸರಿಯಾದ ಕಾರಣಗಳೇ. ಬಸಿರಿನ ಮಾತು ಬಂತಲ್ಲ, ಒಂದು ವಿಷಯ: ಟೆಸ್ಟೋಸ್ಟಿರೋನ್ ಗರ್ಭನಿರೋಧಕ ಅಲ್ಲ. ಮುಟ್ಟು ನಿಂತಿದ್ದರೂ ಅಲ್ಲ.

ಮುಂದೆ ಮಕ್ಕಳ ಆಸೆ ಇದ್ದರೆ ಅದನ್ನೂ ಈಗಲೇ ಮಾತಾಡಬೇಕು. ಅಂಡಾಣು ತೆಗೆದು ಫ್ರೀಜ್ ಮಾಡಿಸಬಹುದು. ಅಲ್ಲಿಯ ಕಾನೂನಿನಲ್ಲಿ 2022ರಿಂದ, ಫ್ರೀಜ್ ಮಾಡಿದ ದಿನದಿಂದ ಲೆಕ್ಕ ಹಾಕಿ 55 ವರ್ಷದ ತನಕ ಇಡಬಹುದು, ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆ ಹೊಸದು ಮಾಡಬೇಕು. ಆದರೆ ವೀಸಾದ ಜೊತೆ ಹೆಲ್ತ್ ಸರ್‌ಚಾರ್ಜ್ (ಅಲ್ಲಿಯ ಸರ್ಕಾರಿ ಚಿಕಿತ್ಸೆಗೆ ಮೊದಲೇ ಕಟ್ಟುವ ಶುಲ್ಕ) ಕಟ್ಟಿ ಬಂದವರಿಗೆ 2017ರಿಂದ ಇಂಗ್ಲೆಂಡಿನಲ್ಲಿ ಐವಿಎಫ್ ತರಹದ ಚಿಕಿತ್ಸೆ ಉಚಿತ ಇಲ್ಲ. ಅದಕ್ಕೇ ಕ್ಲಿನಿಕ್‌ಗೆ ಹೋದ ಮೊದಲ ದಿನವೇ ದರ ಕೇಳಿಬಿಡಿ.

ಇನ್ನು ದುಡ್ಡು. ಆರು ತಿಂಗಳಿಗಿಂತ ಜಾಸ್ತಿ ವೀಸಾಕ್ಕೆ ಅರ್ಜಿ ಹಾಕುವಾಗ ಕಟ್ಟುವ ಆ ಸರ್‌ಚಾರ್ಜ್ 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776. 1,035 ಪೌಂಡ್ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ದಾಟುತ್ತದೆ. ಹೆಲ್ತ್ ಅಂಡ್ ಕೇರ್ ವೀಸಾದ ಮೇಲೆ ಬಂದ ನರ್ಸ್‌ಗಳಿಗೆ ಇದೂ ಇಲ್ಲ. ಹೀಗೆ ಬಂದ ಮೇಲೆ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಅಲ್ಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ, ಆಪರೇಷನ್ನಿಗೆ, ವಾರ್ಡಿಗೆ, ಅನಸ್ತೇಶಿಯಾಕ್ಕೆ ಬೇರೆ ಬಿಲ್ ಬರುವುದಿಲ್ಲ. ಇದು ಯಾರೂ ಧರ್ಮಕ್ಕೆ ಕೊಡುತ್ತಿರುವುದಲ್ಲ, ಸಂಕೋಚ ಬೇಡ. ಹೊರಗೆ ತೆಗೆದುಕೊಳ್ಳುವ ಔಷಧಿಗೆ ಇಂಗ್ಲೆಂಡಿನಲ್ಲಿ ಒಂದಕ್ಕೆ 9.90 ಪೌಂಡ್ (2025ರ ದರ), ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದೂ ಇಲ್ಲ. ಪ್ರೈವೇಟ್‌ನಲ್ಲಿ ಮಾಡಿಸಿದರೆ ಸಾವಿರಾರು ಪೌಂಡ್.

ಎಲ್ಲದಕ್ಕೂ ಬಾಗಿಲು ಜಿಪಿ. ಅಂದರೆ ನಿಮ್ಮ ಮನೆ ಹತ್ತಿರದ ಡಾಕ್ಟರ್. ಊರಲ್ಲಿ ನೇರ ಸ್ಪೆಷಲಿಸ್ಟ್ ಹತ್ತಿರ ಹೋಗಿ ಟೋಕನ್ ತೆಗೆದುಕೊಳ್ಳುವ ಅಭ್ಯಾಸ ನಮಗೆ, ಅಲ್ಲಿ ಹಾಗೆ ನಡೆಯುವುದಿಲ್ಲ. ಜಿಪಿಯಿಂದ ಎರಡು ದಾರಿ ಒಡೆಯುತ್ತವೆ.

ಮೊದಲನೆಯದು ಜೆಂಡರ್ ಕ್ಲಿನಿಕ್, ಅಂದರೆ ಲಿಂಗ ಬದಲಾವಣೆಯ ಚಿಕಿತ್ಸೆ ನೋಡುವ ಕ್ಲಿನಿಕ್. ಲಂಡನ್, ಲೀಡ್ಸ್, ಶೆಫೀಲ್ಡ್, ನಾಟಿಂಗ್‌ಹ್ಯಾಮ್, ನ್ಯೂಕಾಸಲ್, ಎಕ್ಸೆಟರ್‌ಗಳಲ್ಲಿ ಇವೆ. ನಿಮ್ಮ ಊರಿಗೆ ಹತ್ತಿರದ್ದೇ ಆಗಬೇಕಂತಿಲ್ಲ. ಇಂಗ್ಲೆಂಡಿನ ಯಾವುದಕ್ಕೆ ಬೇಕಾದರೂ ಜಿಪಿ ಬರೆಯಬಹುದು, ಅದಕ್ಕೇ ಮೊದಲು ಎಲ್ಲಿ ಕ್ಯೂ ಎಷ್ಟಿದೆ ನೋಡಿಕೊಳ್ಳಿ. ಕಾಯುವುದು ವರ್ಷಗಟ್ಟಲೆ. ನಾನು ನಾಲ್ಕು ವರ್ಷ ಕಾದೆ. ಆದ್ದರಿಂದ ಆಪರೇಷನ್ ಬೇಕೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದರೂ ಹೆಸರು ಮಾತ್ರ ಈ ವಾರವೇ ಹಾಕಿಸಿ. ಕ್ಯೂನಲ್ಲಿ ನಿಂತು ಯೋಚಿಸಬಹುದು, ಅಲ್ವಾ? ಕ್ಲಿನಿಕ್‌ನವರು ನೋಡಿ, ಮಾತಾಡಿ, ಆಮೇಲೆ ಸರ್ಜನ್‌ಗೆ ಶಿಫಾರಸು ಪತ್ರ ಬರೆಯುತ್ತಾರೆ. ಡಬ್ಲ್ಯೂಪ್ಯಾತ್‌ನ 8ನೇ ಆವೃತ್ತಿ ಒಂದು ಪತ್ರ ಸಾಕು ಎನ್ನುತ್ತದೆ. ಹಿಂದಿನ 7ನೇ ಆವೃತ್ತಿ ಎರಡು ಕೇಳುತ್ತಿತ್ತು. ನನಗೆ ಇಬ್ಬರ ಸಹಿ ಬೇಕಾಯಿತು. ಅಂಡಾಶಯ ತೆಗೆಸುವುದಾದರೆ ಕನಿಷ್ಠ ಆರು ತಿಂಗಳು ಹಾರ್ಮೋನ್ ತೆಗೆದುಕೊಂಡಿರಬೇಕು ಅಂತ ಹೊಸ ಮಾರ್ಗಸೂಚಿಯಲ್ಲಿದೆ, ಹಾರ್ಮೋನ್ ಬೇಡವಾದವರಿಗೆ, ಆಗದವರಿಗೆ ವಿನಾಯಿತಿ ಇದೆ.

ಎರಡನೆಯ ದಾರಿ ಗೈನಕಾಲಜಿ, ಅಂದರೆ ಸ್ತ್ರೀರೋಗ ವಿಭಾಗ. ಫೈಬ್ರಾಯ್ಡ್ ಗಡ್ಡೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ), ನಿಲ್ಲದ ರಕ್ತಸ್ರಾವ, ಔಷಧಿಗೆ ಬಗ್ಗದ ಕಿಬ್ಬೊಟ್ಟೆ ನೋವು ಇದ್ದರೆ ಜಿಪಿ ನಿಮ್ಮನ್ನು ಹತ್ತಿರದ ಆಸ್ಪತ್ರೆಗೆ ಕಳಿಸಬಹುದು. ಇದಕ್ಕೆ ಜೆಂಡರ್ ಕ್ಲಿನಿಕ್ ಪತ್ರ ಬೇಕಿಲ್ಲ, ಬೇರೆ ಯಾವ ರೋಗಿಗೂ ಕೇಳದ್ದನ್ನು ನಿಮಗೆ ಕೇಳುವ ಹಾಗಿಲ್ಲ. ಇಲ್ಲೂ ಕಾಯಬೇಕು, ಆದರೆ ಕ್ಯೂ ಸಾಮಾನ್ಯವಾಗಿ ಚಿಕ್ಕದು. ಇಲ್ಲದ ನೋವು ಹೇಳಬೇಡಿ, ಇರುವ ನೋವನ್ನು ಮುಚ್ಚಿಡಲೂ ಬೇಡಿ. ನಮ್ಮಲ್ಲಿ ಮುಟ್ಟಿನ ನೋವು ಅಂದರೆ ಬಾಯಿ ಕಟ್ಟಿಹೋಗುತ್ತದೆ, ಅದರಲ್ಲೂ ಗಡ್ಡ ಬಂದ ಮೇಲೆ. ನಾನು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ದಿನ, ನೋವು, ನುಂಗಿದ ಮಾತ್ರೆ ಬರೆದಿಟ್ಟು ಆ ಹಾಳೆಯನ್ನೇ ಜಿಪಿ ಮುಂದೆ ಇಟ್ಟೆ. ಬಾಯಲ್ಲಿ ಬರದಿದ್ದನ್ನು ಹಾಳೆ ಹೇಳಿತು. ಇಂಗ್ಲಿಷ್‌ನಲ್ಲಿ ಹೇಳಲು ಕಷ್ಟ ಅನಿಸಿದರೆ ದುಭಾಷಿ ಕೇಳಿ, ಅದಕ್ಕೆ ದುಡ್ಡಿಲ್ಲ. ಫೋನಿನಲ್ಲಾದರೂ ಕನ್ನಡದವರನ್ನು ಹುಡುಕಿ ಕೊಡುತ್ತಾರೆ. ಅಣ್ಣನನ್ನೋ ರೂಮ್‌ಮೇಟನ್ನೋ ಅನುವಾದಕ್ಕೆ ಕೂರಿಸಿಕೊಳ್ಳಬೇಡಿ.

ಒಂದು ಸಣ್ಣ ವಿಷಯ, ಆದರೆ ಇದರಿಂದ ವರ್ಷ ಕಳೆದುಕೊಂಡವರಿದ್ದಾರೆ. ನಾವು ಮನೆ ಬದಲಾಯಿಸುತ್ತಲೇ ಇರುತ್ತೇವೆ. ಅಪಾಯಿಂಟ್‌ಮೆಂಟ್ ಪತ್ರ ಹಳೇ ವಿಳಾಸಕ್ಕೆ ಹೋಗಿ, ನೀವು ಹೋಗದೆ, ಅವರು ಹೆಸರು ತೆಗೆದುಹಾಕಬಹುದು. ಮನೆ ಬದಲಾದ ದಿನವೇ ಜಿಪಿಗೂ ಕ್ಲಿನಿಕ್‌ಗೂ ಬೇರೆ ಬೇರೆಯಾಗಿ ತಿಳಿಸಿ.

ಜಿಪಿ ದಾಖಲೆಯಲ್ಲಿ ಗಂಡು ಅಂತ ಇದ್ದರೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಕರೆ ತಾನಾಗಿ ಬರುವುದಿಲ್ಲ. 25ರಿಂದ 64 ವರ್ಷದ ತನಕ ಗರ್ಭಕಂಠ ಇರುವವರೆಲ್ಲ ಮಾಡಿಸಬೇಕಾದ ತಪಾಸಣೆ ಅದು, ನೀವೇ ಕೇಳಿ ಮಾಡಿಸಿಕೊಳ್ಳಿ. ಟೋಟಲ್ ಆದ ಮೇಲೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸಬ್‌ಟೋಟಲ್ ಆದರೆ ಮುಂದುವರಿಸಬೇಕು. ಮುಂದೆ ಫ್ಯಾಲೊಪ್ಲಾಸ್ಟಿ (ಶಿಶ್ನ ರಚಿಸುವ ಆಪರೇಷನ್) ಮಾಡಿಸುವ ಯೋಚನೆ ಇದ್ದರೆ ಅದನ್ನೂ ಗೈನಕಾಲಜಿಸ್ಟ್‌ಗೆ ಮೊದಲೇ ಹೇಳಿ. ಗಾಯ ಎಲ್ಲಿ, ಏನೇನು ತೆಗೆಯಬೇಕು ಅನ್ನುವುದು ಅದರ ಮೇಲೆ ನಿಲ್ಲುತ್ತದೆ.

ಆಫೀಸಿಗೆ ಏನು ಹೇಳುವುದು ಅಂತ ಎಲ್ಲರಿಗೂ ಚಿಂತೆ. ಮೊದಲ ಏಳು ದಿನಕ್ಕೆ ನೀವೇ ಬರೆದುಕೊಟ್ಟರೆ ಸಾಕು. ಆಮೇಲೆ ಫಿಟ್ ನೋಟ್, ಅಂದರೆ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಅನ್ನುವ ಡಾಕ್ಟರ್ ಚೀಟಿ, ಬೇಕು, ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಪಡೆಯಿರಿ. ಮ್ಯಾನೇಜರ್‌ಗೆ ಹೊಟ್ಟೆಯ ಆಪರೇಷನ್ ಅಂದರೆ ಸಾಕು, ಸುಮ್ನೆ ಎಲ್ಲ ಬಿಚ್ಚಿ ಹೇಳಬೇಕಿಲ್ಲ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಲಿಂಗ ಬದಲಾವಣೆಯ ಚಿಕಿತ್ಸೆಗೆ ಹಾಕಿದ ರಜೆಯನ್ನು ಬೇರೆ ಕಾಯಿಲೆಯ ರಜೆಗಿಂತ ಕೀಳಾಗಿ ನೋಡುವ ಹಾಗಿಲ್ಲ.

ಆಪರೇಷನ್ ದಿನ ನನ್ನನ್ನು ಕರೆದಿದ್ದು ಹಳೇ ಹೆಸರಿನಿಂದ. ತುಂಬಿದ ಕೋಣೆಯಲ್ಲಿ ನಾನು ಎದ್ದು ನಿಂತಾಗ ಎಲ್ಲರೂ ತಿರುಗಿ ನೋಡಿದರು. ಆ ಕ್ಷಣ ಇನ್ನೂ ಮರೆತಿಲ್ಲ. ನಿಮಗೆ ಹಾಗಾಗಬಾರದು. ಆಪರೇಷನ್ನಿಗೆ ಮೊದಲಿನ (ಪ್ರೀ-ಆಪ್) ತಪಾಸಣೆಯ ದಿನವೇ ಹೆಸರು, ಕರೆಯುವ ರೀತಿ, ಒಬ್ಬರೇ ಇರುವ ಕೋಣೆ ಸಿಗುತ್ತದಾ ಅನ್ನುವುದು, ಮೂರನ್ನೂ ಕೇಳಿ ಫೈಲಿನಲ್ಲಿ ಬರೆಸಿ. ಒಳಗೆ ಹೋದ ಮೇಲೆ ಒಬ್ಬ ನರ್ಸ್ ಟೇಪ್ ಹಿಡಿದು ನನ್ನ ಮೀನಖಂಡದ ಅಳತೆ ತೆಗೆದು, ರಕ್ತ ಹೆಪ್ಪುಗಟ್ಟದಂತೆ ಹಾಕುವ ಬಿಗಿ ಕಾಲುಚೀಲವನ್ನು ತಾವೇ ಏರಿಸುತ್ತಾ "ಹೊರಗೆ ನಿಮಗೆ ಹಾಗೆ ಆಗಬಾರದಿತ್ತು" ಅಂದರು. ಆಗ ಕಣ್ಣು ತುಂಬಿತು.

ಲ್ಯಾಪರೋಸ್ಕೋಪಿ ಆದರೆ ಹೊಟ್ಟೆಯ ಮೇಲೆ ಮೂರೋ ನಾಲ್ಕೋ ಸಣ್ಣ ತೂತು. ಎದ್ದ ಮೇಲೆ ಹೊಟ್ಟೆಗಿಂತ ಭುಜ ನೋಯಬಹುದು. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸ್ ಅದು, ಒಂದೆರಡು ದಿನದಲ್ಲಿ ಹೋಗುತ್ತದೆ. ಪುದೀನ ಟೀ ಕೊಟ್ಟರು, ನಾನು ಓಂಕಾಳಿನ ಕಷಾಯ ನೆನೆಸಿಕೊಂಡೆ. ಪೂರ್ತಿ ಚೇತರಿಸಿಕೊಳ್ಳಲು ನಾಲ್ಕರಿಂದ ಆರು ವಾರ, ಹೊಟ್ಟೆ ಕೊಯ್ದು ಮಾಡಿದರೆ ಆರರಿಂದ ಎಂಟು. ಭಾರ ಎತ್ತುವ ಹಾಗಿಲ್ಲ. ಹತ್ತು ಕೆಜಿ ಸೋನಾ ಮಸೂರಿ ಚೀಲ ಆಪರೇಷನ್ನಿಗೆ ಮೊದಲೇ ತಂದು ಡಬ್ಬಿಗೆ ತುಂಬಿಡಿ, ಕುಕ್ಕರ್, ಮಿಕ್ಸಿ ಜಾರ್ ಕೆಳಗಿನ ಕಪಾಟಿನಿಂದ ಸೊಂಟದ ಎತ್ತರಕ್ಕೆ ತನ್ನಿ. ಪ್ಯಾಡ್ ಒದ್ದೆಯಾಗುವಷ್ಟು ರಕ್ತ, ಜ್ವರ ಬಂದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಒಂದೇ ಕಾಲು ಊದಿ ನೋವು ಬಂದರೂ ಅದೇ ದಿನ ಕರೆಯಿರಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಂಬುಲೆನ್ಸಿಗೆ 999. ಬೆಳಗಾಗಲಿ ಅಂತ ಕಾಯಬೇಡಿ.

ಅಮ್ಮ ಬಾಣಂತನ ಮಾಡುವ ಹಾಗೆ ನೋಡಿಕೊಳ್ಳಲು ಬರುತ್ತೇನೆ ಅಂದರೆ ಬರಲಿ, ಆದರೆ ವಿಸಿಟರ್ ವೀಸಾದಲ್ಲಿ ಬರುವವರಿಗೆ ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ಬಿಲ್ ಬರುತ್ತದೆ. ಅವರಿಗೆ ಇನ್ಶೂರೆನ್ಸ್ ಮಾಡಿಸದೆ ಟಿಕೆಟ್ ತೆಗೆಯಬೇಡಿ. ನೀವೇ ಊರಿಗೆ ಹಾರುವುದಾದರೆ ಸರ್ಜನ್‌ನ ಕೇಳಿ ದಿನ ಗೊತ್ತು ಮಾಡಿ, ದೂರದ ವಿಮಾನದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ.

ಡಿಸ್ಚಾರ್ಜ್ ಪತ್ರ, ಆಪರೇಷನ್ ನೋಟ್, ತೆಗೆದ ಅಂಗದ ಲ್ಯಾಬ್ ವರದಿ, ಮೂರರ ಪ್ರತಿಯನ್ನೂ ಕೇಳಿ ಪಡೆದು ಫೋನಿನಲ್ಲೂ ಇಡಿ. ಯಾವ ದೇಶದ ಡಾಕ್ಟರ್ ಮುಂದೆ ಕೂತರೂ ಅದು ಬೇಕು. ನಿನ್ನೆ ಸಂಜೆ ಕಣದಲ್ಲಿ ಕಾಫಿ ಹರವಿ ಕೂತಿದ್ದಾಗ ಚಿಕ್ಕಮ್ಮ ನನ್ನ ಪತ್ರ ಓದಿಸಿದರು. ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದೆ. ಎಡಗಡೆಯ ಅಂಡಾಶಯ ಉಳಿಸಲಾಗಿದೆ ಅನ್ನುವಲ್ಲಿ ಅವರು ನಿಲ್ಲಿಸಿ, "ಅವರೇ ಉಳಿಸಿದ್ರಾ ಪುಟ್ಟಾ?" ಅಂದರು. "ಇಲ್ಲ ಚಿಕ್ಕಮ್ಮ, ಕೇಳಿದ್ರು. ನಾನೇ ಇರಲಿ ಅಂದೆ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ, ಟ್ರಂಕಿನಿಂದ ತಮ್ಮ ಹಳೇ ಚೀಟಿ ತಂದು, ಇದನ್ನೂ ಒಂದು ಸಲ ಪೂರ್ತಿ ಓದಿ ಹೇಳು ಅಂದರು.