ಪ್ಯಾರಾಕ್ವಾಟ್ ಹೊಡಿಯೋ ಮುಂಚೆ ಇದನ್ನ ಪೂರ್ತಿ ಓದಿ

ನಾವೆಲ್ಲ ಇದನ್ನ ಕಳೆ ಔಷಧಿ ಅಂತೀವಿ. "ನಾಳೆ ಔಷಧಿ ಹೊಡಿಬೇಕು" ಅಂತೀವಿ. ಆ ಔಷಧಿ ಅನ್ನೋ ಪದಾನೇ ಅರ್ಧ ಭಯ ಕಳೆದುಬಿಡತ್ತೆ ಅಂತ ನನಗೆ ಬಹಳ ದಿನದಿಂದ ಅನಿಸ್ತಿದೆ, ಅದಕ್ಕೆ ಈ ಬರಹದಲ್ಲಿ ನಾನು ವಿಷ ಅಂತಾನೇ ಬರೀತೀನಿ. ಪ್ಯಾರಾಕ್ವಾಟ್ ವಿಷ. ಹೊಟ್ಟೆಗೆ ಹೋದ್ರೆ ಇದಕ್ಕೆ ಪ್ರತಿವಿಷ ಇಲ್ಲ, ಒಂದು ಸಣ್ಣ ಗುಟುಕು ಸಾಕು ಜೀವ ಹೋಗೋಕೆ, ಅಮೆರಿಕದಲ್ಲಿ ಮಾರೋ ಕ್ಯಾನ್ ಮೇಲೆ ಈ ಮಾತನ್ನ ದಪ್ಪ ಅಕ್ಷರದಲ್ಲೇ ಹಾಕಿರ್ತಾರೆ.

ಇದು ಹೆಂಗೆ ಕೆಲಸ ಮಾಡತ್ತೆ ಅಂತ ಗೊತ್ತಿದ್ರೆ ಮುಂದೆ ಹೇಳೋ ಎಚ್ಚರಿಕೆಗಳು ಯಾಕೆ ಅಂತ ತಾನಾಗೇ ಅರ್ಥ ಆಗತ್ತೆ. ಎಲೆ ಮೇಲೆ ಬಿದ್ದು ಬಿಸಿಲು ಸಿಕ್ತು ಅಂದ್ರೆ, ಎಲೆ ಬೆಳಕಿಂದ ಆಹಾರ ತಯಾರು ಮಾಡ್ಕೊಳೋ ಜಾಗದಿಂದ ಈ ವಿಷ ಎಲೆಕ್ಟ್ರಾನ್ ಕಿತ್ಕೊಂಡು ಆಕ್ಸಿಜನ್‌ಗೆ ಕೊಡತ್ತೆ, ಆ ಆಕ್ಸಿಜನ್ ಕೆರಳಿ ಜೀವಕೋಶದ ಪೊರೆಯನ್ನೇ ಸುಟ್ಟುಹಾಕತ್ತೆ, ವಿಷ ಮಾತ್ರ ಖರ್ಚಾಗದೆ ಮತ್ತೆ ಹೋಗಿ ಇನ್ನೊಂದು ಎಲೆಕ್ಟ್ರಾನ್ ಕಿತ್ಕೊಳತ್ತೆ. ಹಂಗಾಗಿ ಕೆಲವೇ ಗಂಟೆಲಿ ಕಳೆ ಬಾಡಿ ಕಂದು ಬಣ್ಣಕ್ಕೆ ತಿರುಗೋದು. ಮನುಷ್ಯನ ಒಳಗೆ ಹೋದ್ರೂ ಇದೇ ಆಟ, ಅದೂ ಶ್ವಾಸಕೋಶದಲ್ಲಿ. ನಮ್ಮ ಶ್ವಾಸಕೋಶದ ಜೀವಕೋಶಗಳು ಪಾಲಿಅಮೈನ್ ಅನ್ನೋ ವಸ್ತುಗಳನ್ನ ರಕ್ತದಿಂದ ಎಳ್ಕೊಳತ್ವೆ, ಪ್ಯಾರಾಕ್ವಾಟ್‌ನ ರಚನೆ ಅದಕ್ಕೆ ಹೋಲೋದ್ರಿಂದ ಇದನ್ನೂ ತಾವಾಗೇ ಎಳೆದು ತುಂಬ್ಕೊಂಡುಬಿಡತ್ವೆ. ಅಲ್ಲಿ ಆಕ್ಸಿಜನ್‌ಗೇನೂ ಕೊರತೆ ಇಲ್ಲ. ಮೂಗಿಂದ ಹೋಗದೇ ಬಾಯಿಂದ ಹೋದ್ರೂ ಕೊನೆಗೆ ಉಸಿರಾಟಕ್ಕೇ ಪೆಟ್ಟು ಬೀಳೋದು ಇದೇ ಕಾರಣಕ್ಕೆ.

ಈ ರಾಸಾಯನಿಕವನ್ನ ಮೊದಲು ತಯಾರಿಸಿದ್ದು 1882ರಲ್ಲಿ, ಕಳೆ ಕೊಲ್ಲತ್ತೆ ಅಂತ ಗೊತ್ತಾಗಿದ್ದು 1955ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯವರಿಗೆ, 1962ರಲ್ಲಿ ಗ್ರಾಮಾಕ್ಸೋನ್ ಅನ್ನೋ ಹೆಸರಲ್ಲಿ ಮಾರ್ಕೆಟ್‌ಗೆ ಬಂತು. ಯುರೋಪಿಯನ್ ಯೂನಿಯನ್‌ನಲ್ಲಿ 2007ರಿಂದ ಇಲ್ಲ, ಬ್ರೆಜಿಲ್, ಥಾಯ್ಲೆಂಡ್ 2020ರಲ್ಲಿ ನಿಲ್ಲಿಸಿದ್ವು. ನಿಮ್ಮ ಕಡೆ ನಿಷೇಧ ಇದ್ರೆ ಮಾತು ಅಲ್ಲಿಗೇ ಮುಗೀತು, ತರಬೇಡಿ. ಇಲ್ಲ ಅಂದ್ರೂ ಮೊದಲು ಕೇಳ್ಕೊಳಿ, ಇದೇ ಬೇಕಾ ಅಂತ. ಸ್ವಲ್ಪ ಜಾಗ ಆದ್ರೆ ಕಳೆ ಕತ್ತರಿಸೋ ಮಷೀನು, ಗುದ್ದಲಿ, ಒಣಹುಲ್ಲಿನ ಮುಚ್ಚಿಗೆ ಸಾಕಾಗತ್ತೆ. ಇದು ಬೇರಿಗೆ ಇಳಿಯೋ ವಿಷ ಅಲ್ಲ, ಮೇಲಿನ ಹಸಿರನ್ನ ಮಾತ್ರ ಸುಡೋದು, ಗಟ್ಟಿ ಬೇರಿನ ಕಳೆ ಮತ್ತೆ ಚಿಗುರತ್ತೆ.

ಈಗ ಬಾಟ್ಲಿ ವಿಷಯ. ಇದನ್ನ ನಾನು ಸ್ಪ್ರೇ ಮಾಡೋ ವಿಷಯಕ್ಕಿಂತ ಮುಂಚೆ ಇಡ್ತೀನಿ, ಯಾಕಂದ್ರೆ ಯಾರೂ ಕುಡಿಬೇಕು ಅಂತ ಅಂದ್ಕೊಳದೇ ಪ್ರಾಣ ಹೋಗಿರೋದು ಹೆಚ್ಚಾಗಿ ಇಲ್ಲೇ. ದೊಡ್ಡ ಕ್ಯಾನ್‌ನಿಂದ "ಸ್ವಲ್ಪ ಕೊಡಿ" ಅಂತ ಕೂಲ್‌ಡ್ರಿಂಕ್ ಬಾಟ್ಲಿಗೆ ಬಗ್ಗಿಸ್ಕೊಂಡು ಬರ್ತಾರೆ, ಒಂದು ಮೂಲೇಲಿ ಇಡ್ತಾರೆ, ಬಾಯಾರಿ ಬಂದವರು ಯಾರೋ ಎತ್ತಿ ಕುಡೀತಾರೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳಿರೋ ಲೆಕ್ಕ ಇದೆ, 2000ದಿಂದ ಈಚೆಗೆ ಅಲ್ಲಿ 17 ಜನ ಆಕಸ್ಮಿಕವಾಗಿ ಕುಡಿದು ಸತ್ತಿದ್ದಾರೆ, ಅದರಲ್ಲಿ 3 ಮಕ್ಕಳು. ಅಷ್ಟು ಕಟ್ಟುನಿಟ್ಟಿನ ದೇಶದಲ್ಲೂ ಹೀಗೆ. ನೀಲಿ ಬಣ್ಣ, ಕೆಟ್ಟ ವಾಸನೆ, ವಾಂತಿ ಬರಿಸೋ ವಸ್ತು, ಇಷ್ಟೂ ಸೇರಿಸೋದೇ ಯಾರೂ ಗೊತ್ತಿಲ್ಲದೆ ಕುಡಿಬಾರದು ಅಂತ, ಆದ್ರೂ ಅದನ್ನ ನಂಬ್ಕೊಂಡು ಕೂರೋಕಾಗಲ್ಲ, ಕತ್ತಲೇಲಿ ಬಣ್ಣ ಕಾಣಲ್ಲ, ನೆಗಡಿ ಆದವರಿಗೆ ವಾಸನೆ ಬರಲ್ಲ. ಹಂಗಾಗಿ ಒಂದೇ ರೂಲ್: ಬಂದ ಕ್ಯಾನ್‌ನಲ್ಲೇ ಇರ್ಬೇಕು, ಲೇಬಲ್ ಅಂಟಿಕೊಂಡೇ ಇರ್ಬೇಕು, ಬೇರೆ ಬಾಟ್ಲಿ ಲೋಟ ಡಬ್ಬ ಯಾವುದಕ್ಕೂ ಹೋಗಬಾರದು, ಐದು ನಿಮಿಷಕ್ಕೂ ಬೇಡ. ಅಲ್ಯೂಮಿನಿಯಂ ಪಾತ್ರೆ ಅಂತೂ ಬೇಡ್ವೇ ಬೇಡ, ಲೋಹವನ್ನ ತಿನ್ನತ್ತೆ.

ಇಡೋದು ಮನೆಯಿಂದ ದೂರದ ಜಾಗದಲ್ಲಿ, ಬೀಗ ಹಾಕಿ, ಬೀಗದ ಕೈ ಒಬ್ಬರ ಹತ್ರ ಮಾತ್ರ. ಎಷ್ಟು ಬೇಕೋ ಅಷ್ಟೇ ತನ್ನಿ, ಉಳಿಯೋ ಹಾಗೆ ತರಬೇಡಿ. ಇನ್ನೊಂದು ವಿಷಯ ಮುಚ್ಚುಮರೆ ಇಲ್ದೆ ಹೇಳ್ತೀನಿ, ಮನೇಲಿ ಯಾರಾದ್ರೂ ತುಂಬ ನೊಂದಿದ್ರೆ, ಸಾಲದ್ದೋ ಜಗಳದ್ದೋ ಚಿಂತೇಲಿದ್ರೆ, ಆ ದಿನಗಳಲ್ಲಿ ಇದನ್ನ ಹತ್ತಿರದಲ್ಲೆಲ್ಲೂ ಇಡಲೇಬೇಡಿ, ಜೊತೆಗೆ ಅವರ ಹತ್ರ ಕೂತು ಮಾತಾಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಕೆಟ್ಟ ಗಳಿಗೆ ದಾಟಿಹೋಗತ್ತೆ, ಆ ಗಳಿಗೇಲಿ ಕೈಗೆ ಸಿಗಬಾರದು ಅಷ್ಟೇ. ದಕ್ಷಿಣ ಕೊರಿಯಾದಲ್ಲಿ 2012ರಲ್ಲಿ ಇದರ ಮಾರಾಟ ನಿಲ್ಲಿಸಿದ ಮೇಲೆ ಬೆಳೆಗೆ ಹೊಡಿಯೋ ವಿಷದಿಂದ ಆಗೋ ಸಾವು ಕಮ್ಮಿ ಆಯ್ತು.

ಮಿಕ್ಸ್ ಮಾಡೋದು

ಹೊಡಿಯೋ ಟೈಮಿಗಿಂತ ಕಲಸೋ ಟೈಮೇ ಹೆಚ್ಚು ಅಪಾಯ. ಸ್ಪ್ರೇಯರ್‌ನಲ್ಲಿ ಇರೋದು ನೀರು ಬೆರೆತದ್ದು, ಕ್ಯಾನ್‌ನಲ್ಲಿ ಇರೋದು ಗಟ್ಟಿ ವಿಷ, ಆದ್ರೆ ಬಹಳ ಜನ ಬರಿಗೈಲಿ ಕಲಸಿ ಆಮೇಲೆ ಮಾಸ್ಕ್ ಹಾಕ್ಕೊಂಡು ಹೊರಡ್ತಾರೆ. ಕ್ಯಾನ್ ಮುಚ್ಚಳ ಮುಟ್ಟೋ ಮುಂಚೇನೇ ನೈಟ್ರೈಲ್ (ರಾಸಾಯನಿಕ ತಡಿಯೋ ರಬ್ಬರ್) ಗ್ಲೌಸ್, ಮುಖ ಪೂರ್ತಿ ಮುಚ್ಚೋ ಶೀಲ್ಡ್, ಪ್ಲಾಸ್ಟಿಕ್ ಏಪ್ರನ್, ಗಮ್‌ಬೂಟ್ ಹಾಕಿರ್ಬೇಕು. ಬಟ್ಟೆ ಗ್ಲೌಸ್, ಚರ್ಮದ ಗ್ಲೌಸ್ ಹಾಕೋದಕ್ಕಿಂತ ಹಾಕದೇ ಇರೋದು ವಾಸಿ ಅನ್ನೋಷ್ಟು ಕೆಟ್ಟದ್ದು, ಹೀರ್ಕೊಂಡು ಚರ್ಮಕ್ಕೆ ಒತ್ತಿ ಹಿಡಿಯತ್ತೆ. ಪ್ಯಾಂಟ್ ಬೂಟಿನ ಒಳಗೆ ತುರುಕಬೇಡಿ, ಹೊರಗೆ ಬಿಡಿ, ಇಲ್ಲಾಂದ್ರೆ ಹರಿದು ಬಂದ ಹನಿ ಎಲ್ಲ ಬೂಟಿನೊಳಗೆ ಇಳಿಯತ್ತೆ.

ಟ್ಯಾಂಕ್‌ಗೆ ಮೊದಲು ಅರ್ಧ ನೀರು ಹಾಕಿ. ಆಮೇಲೆ ಅಳತೆ ಕಪ್ ನೆಲದ ಮೇಲೆ ಸಮ ಇರೋ ಜಾಗದಲ್ಲಿಟ್ಟು ಕ್ಯಾನ್ ಬಗ್ಗಿಸಿ, ಗಾಳಿ ಬೆನ್ನಿಗೆ ಬಡೀತಿರ್ಲಿ. ಕಪ್ಪನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡೋ ಅಭ್ಯಾಸ ತುಂಬ ಜನಕ್ಕಿದೆ, ದಯವಿಟ್ಟು ಬಿಡಿ, ನೀವೇ ಕೆಳಗೆ ಬಗ್ಗಿ ನೋಡಿ. ಕ್ಯಾನ್ ಬಾಯಿ ಗಳಗಳ ಅಂತ ಗಾಳಿ ಎಳ್ಕೊಂಡಾಗ ಹನಿ ಹಾರೋದು, ಅದಕ್ಕೆ ನಿಧಾನ ಬಗ್ಗಿಸ್ಬೇಕು. ಕಪ್ಪನ್ನ ಮೂರು ಸಲ ತೊಳೆದು ಆ ನೀರೂ ಟ್ಯಾಂಕ್‌ಗೇ ಹಾಕಿ. ಕೈ ಹಾಕಿ ಕಲಕೋದಂತೂ ಗ್ಲೌಸ್ ಇದ್ರೂ ಬೇಡ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು, ಸೋಪು ಇಟ್ಕೊಂಡೇ ಕೆಲಸ ಶುರು ಮಾಡಿ.

ನೀರು ತಿಳಿಯಾಗಿರ್ಬೇಕು. ಈ ವಿಷ ಜೇಡಿಮಣ್ಣಿನ ಕಣಕ್ಕೆ ಬಿಗಿಯಾಗಿ ಅಂಟ್ಕೊಂಡು ನಿಷ್ಕ್ರಿಯ ಆಗಿಬಿಡತ್ತೆ, ಕೆಸರು ನೀರಲ್ಲಿ ಕಲಸಿದ್ರೆ ಕಳೆ ಸಾಯಲ್ಲ, ಸಾಯಲಿಲ್ಲ ಅಂತ ಜನ ಮುಂದಿನ ಸಲ ಡೋಸ್ ಜಾಸ್ತಿ ಮಾಡ್ತಾರೆ, ತಪ್ಪು ನೀರಿಂದು. ಡೋಸ್ ಲೇಬಲ್‌ನಲ್ಲಿ ಎಷ್ಟಿದೆಯೋ ಅಷ್ಟೇ.

ಹೊಡಿಯೋದು

ಬೆನ್ನಿಗೆ ಹಾಕೋ ಸ್ಪ್ರೇಯರ್ ಆದ್ರೆ ಮೊದಲು ಬರೀ ನೀರು ತುಂಬಿ ಪಂಪ್ ಮಾಡಿ ನೋಡಿ. ಮುಚ್ಚಳದ ವಾಷರ್, ಪೈಪ್ ಸೇರೋ ಜಾಗ, ಟ್ರಿಗರ್, ಈ ಮೂರು ಕಡೆ ಬೆರಳು ಆಡಿಸಿ ಒದ್ದೆ ಇದೆಯಾ ಅಂತ ನೋಡ್ಬೇಕು. ನಾನು ಒಮ್ಮೆ ಹೀಗೆ ನೋಡದೆ ಹೊರಟಿದ್ದೆ, ಅರ್ಧ ಗಂಟೆ ಆದ ಮೇಲೆ ಸೊಂಟದ ಹತ್ರ ತಣ್ಣಗೆ ಅನಿಸ್ತು, ಬೆವರು ಅಂದ್ಕೊಂಡೆ, ಕೈ ಹಿಂದೆ ಹಾಕಿ ನೋಡಿದ್ರೆ ಶರ್ಟು ನೀಲಿ. ಅಲ್ಲೇ ಟ್ಯಾಂಕ್ ಇಳಿಸಿ ಶರ್ಟ್ ಬಿಚ್ಚಿ ಸೋಪು ಹಾಕಿ ತೊಳ್ಕೊಂಡೆ, ಚರ್ಮ ಕೆಂಪಾಗಿ ಉರಿಯೋದರಲ್ಲೇ ಮುಗೀತು. ಸರಿ ಇರೋ ಚರ್ಮದಿಂದ ಇದು ಒಳಗೆ ಹೋಗೋದು ಕಮ್ಮಿ ನಿಜ, ಆದ್ರೆ ಒದ್ದೆ ಬಟ್ಟೆ ಗಂಟೆಗಟ್ಟಲೆ ಅಂಟಿಕೊಂಡಿದ್ರೆ ಚರ್ಮ ಸುಟ್ಟು ಬಿರಿಯತ್ತೆ, ಬಿರಿದ ಚರ್ಮದಿಂದ ವಿಷ ಸಲೀಸಾಗಿ ಒಳಗಿಳಿಯತ್ತೆ, ಸೋರೋ ಸ್ಪ್ರೇಯರ್ ಹೊತ್ತು ಸತ್ತವರೇ ಇದ್ದಾರೆ. ಮೈಮೇಲೆ ಗಾಯ, ತರಚು, ಇಸುಬು ಇದ್ರೆ ಅವತ್ತು ಈ ಕೆಲಸ ಮಾಡ್ಲೇಬೇಡಿ.

ನಾಝಲ್ ಕಟ್ಕೊಂಡ್ರೆ ಬಾಯಿಂದ ಊದೋದು ಯಾವತ್ತಿಗೂ ಇಲ್ಲ. ಹಳೇ ಹಲ್ಲುಜ್ಜೋ ಬ್ರಷ್ ಒಂದನ್ನ ಇದಕ್ಕೇ ಅಂತ ಇಡಿ, ಜೇಬಲ್ಲಿ ಒಂದು ಎಕ್ಸ್‌ಟ್ರಾ ನಾಝಲ್ ಇದ್ರೆ ಇನ್ನೂ ಒಳ್ಳೇದು.

ಹನಿ ದಪ್ಪ ಇರ್ಲಿ, ನಾಝಲ್ ನೆಲಕ್ಕೆ ಹತ್ರ ಇರ್ಲಿ, ಹೊಡೆದು ಒದ್ದೆಯಾದ ಕಳೆಯೊಳಗೆ ನಡೀಬೇಡಿ, ಗಾಳಿಗೆ ಎದುರು ಹೊಡೀಬೇಡಿ, ಗಾಳಿ ಜೋರಾದ್ರೆ ನಿಲ್ಸಿ. ಮಂಜಿನ ಥರ ಮಾಡೋ ಪವರ್ ಮಷೀನ್ ಇದಕ್ಕೆ ಅಲ್ಲ. ಇದು ಆವಿಯಾಗೋ ವಿಷ ಅಲ್ಲ, ಆದ್ರೆ ಹನಿ ಮೂಗಿಗೆ ಹೋದ್ರೆ ಮೂಗಿಂದ ರಕ್ತ ಬರತ್ತೆ, ಬಂದ್ರೆ ಅದು ಸೆಖೆಯಿಂದ ಅಂತ ಸಮಾಧಾನ ಮಾಡ್ಕೋಬೇಡಿ, ನಿಮ್ಮ ಮಾಸ್ಕ್ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಹಂಗೇ ಉಗುರು ನೋಡ್ಕೊಳ್ತಾ ಇರಿ. ಅಡ್ಡಕ್ಕೆ ಬಿಳಿ ಪಟ್ಟೆ ಬಂದಿದ್ರೆ, ಉಗುರು ಬುಡದಿಂದ ಸಡಿಲ ಆಗ್ತಿದ್ರೆ ಗಟ್ಟಿ ವಿಷ ಬೆರಳಿಗೆ ತಾಗ್ತಾ ಇದೆ. ಮಧ್ಯದಲ್ಲಿ ತಿನ್ನೋದು, ಬೀಡಿ ಸಿಗರೇಟು, ಅದೇ ಗ್ಲೌಸ್‌ನಲ್ಲಿ ಫೋನ್ ಎತ್ತೋದು ಎಲ್ಲ ಬಂದ್. ಅವಸರ ಮಾಡೋಕೂ ಕಾರಣ ಇಲ್ಲ, ಹೊಡೆದು ಅರ್ಧ ಗಂಟೆ ಆದ ಮೇಲೆ ಮಳೆ ಬಂದ್ರೂ ಕೆಲಸ ಕೆಡಲ್ಲ.

ಮುಗಿದ ಮೇಲೆ ಗ್ಲೌಸ್ ಕೈಲಿದ್ದಾಗ್ಲೇ ಅದನ್ನ ಸೋಪಲ್ಲಿ ತೊಳೀರಿ, ಆಮೇಲೆ ಬೇರೆ ಎಲ್ಲ ಬಿಚ್ಚಿ, ಕೊನೇಲಿ ಗ್ಲೌಸ್. ನೇರ ಸ್ನಾನ. ಆ ಬಟ್ಟೆ ಮನೆ ಬಟ್ಟೆ ಜೊತೆ ಸೇರ್ಬಾರದು, ಒಗೆಯೋರಿಗೆ ಹೇಳಿ ಕೊಡಿ, ಅವರೂ ಗ್ಲೌಸ್ ಹಾಕ್ಬೇಕು. ಖಾಲಿ ಕ್ಯಾನ್ ಮೂರು ಸಲ ತೊಳೆದು, ಆ ನೀರನ್ನ ಕಳೆ ಮೇಲೇ ಹೊಡೆದು, ಕ್ಯಾನ್‌ಗೆ ತೂತು ಹೊಡೆದು ವಾಪಸ್ ತಗೊಳೋ ಕಡೆ ಕೊಡಿ. ಕೆರೆ, ಚರಂಡಿ ಹತ್ರ ತೊಳೀಬೇಡಿ, ಸುಡಬೇಡಿ.

ತಾಗಿದ್ರೆ, ಕುಡಿದ್ರೆ

ಚರ್ಮಕ್ಕೆ ಬಿದ್ರೆ ಬಟ್ಟೆ ತೆಗೆದು ಸೋಪು ನೀರಲ್ಲಿ ತೊಳೀರಿ, ಗಸಗಸ ಉಜ್ಜಬೇಡಿ, ಉಜ್ಜಿದ್ರೆ ಚರ್ಮ ತರಚಿ ಇನ್ನೂ ಒಳಗೆ ಹೋಗತ್ತೆ. ಕಣ್ಣಿಗಾದ್ರೆ ರೆಪ್ಪೆ ಬಿಡಿಸಿ ಹಿಡಿದು ಕಮ್ಮಿ ಅಂದ್ರೂ 15 ರಿಂದ 20 ನಿಮಿಷ ನೀರು ಹರಿಸಿ, ಆಮೇಲೆ ಉರಿ ಕಮ್ಮಿ ಆದ್ರೂ ಕಣ್ಣಿನ ಡಾಕ್ಟರ್ ಹತ್ರ ಹೋಗ್ಲೇಬೇಕು, ಮೊದಲ ದಿನ ಪರವಾಗಿಲ್ಲ ಅನಿಸಿ ಮರುದಿನ ಕಣ್ಣುಗುಡ್ಡೆ ಪದರ ಕಿತ್ತು ಬರೋದು ಈ ವಿಷದ ಸ್ವಭಾವ.

ಬಾಯಿಗೆ ಹೋಯ್ತು ಅಂದ್ರೆ, ಎಷ್ಟೇ ಕಮ್ಮಿ ಹೋಗಿರ್ಲಿ, ಉಗಿದುಬಿಟ್ಟೆ ಅಂತಲೇ ಹೇಳ್ಲಿ, ಆ ಕ್ಷಣ ದೊಡ್ಡ ಆಸ್ಪತ್ರೆಗೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋದು ಬೇಡ, ಗಂಟಲು ಎರಡೆರಡು ಸಲ ಸುಡತ್ತೆ. ಆಕಸ್ಮಿಕವೋ ಬೇಕಂತಲೋ ಅಂತ ವಿಚಾರಣೆ ಮಾಡ್ತಾ, ಬೈತಾ ಕೂರಬೇಡಿ, ಆಸ್ಪತ್ರೇಲಿ ಮುಚ್ಚಿಡಲೂಬೇಡಿ. ಕ್ಯಾನ್ ಅಥವಾ ಅದರ ಲೇಬಲ್ ಫೋಟೋ ತಗೊಂಡು ಹೋಗಿ, "ಪ್ಯಾರಾಕ್ವಾಟ್" ಅಂತ ಹೆಸರು ಹಿಡಿದೇ ಹೇಳಿ, ಕಳೆ ಔಷಧಿ ಅಂದ್ರೆ ಡಾಕ್ಟರ್‌ಗೆ ಯಾವುದು ಅಂತ ಗೊತ್ತಾಗಲ್ಲ. ಯಾಕೆ ಹೆಸರು ಮುಖ್ಯ ಅಂದ್ರೆ ಇದರಲ್ಲಿ ಚಿಕಿತ್ಸೆನೇ ಬೇರೆ, ಮಾಮೂಲಿಯಾಗಿ ಉಸಿರಾಟದ ತೊಂದರೆಗೆ ಮೊದಲು ಕೊಡೋ ಆಕ್ಸಿಜನ್ ಇಲ್ಲಿ ತೀರಾ ಅಗತ್ಯ ಇದ್ರೆ ಮಾತ್ರ, ಇಲ್ಲಾಂದ್ರೆ ಬೆಂಕಿಗೆ ಗಾಳಿ ಹಾಕಿದ ಹಾಗೆ. ಹೊಟ್ಟೇಲಿರೋ ವಿಷ ಹಿಡಿಯೋಕೆ ಆಕ್ಟಿವೇಟೆಡ್ ಚಾರ್ಕೋಲ್ ಅನ್ನೋ ಇದ್ದಿಲು ಪುಡಿ ಅಥವಾ ಫುಲ್ಲರ್ಸ್ ಅರ್ತ್ ಅನ್ನೋ ಜೇಡಿಮಣ್ಣು ಕೊಡ್ತಾರೆ, ಮೇಲೆ ಹೇಳಿದ್ನಲ್ಲ ಜೇಡಿಗೆ ಅಂಟತ್ತೆ ಅಂತ, ಅದೇ ಗುಣ. ಅದು ಕೆಲಸ ಮಾಡ್ಬೇಕಂದ್ರೆ ಮೊದಲ ಒಂದೆರಡು ಗಂಟೆ ಒಳಗೇ ಆಗ್ಬೇಕು. ಮೂತ್ರಕ್ಕೆ ಡೈಥಯೊನೈಟ್ ಅನ್ನೋ ರಾಸಾಯನಿಕ ಹಾಕಿ ನೋಡೋ ಟೆಸ್ಟ್ ಇದೆ, ಪ್ಯಾರಾಕ್ವಾಟ್ ಇದ್ರೆ ನೀಲಿಗೆ ತಿರುಗತ್ತೆ.

ಇನ್ನೊಂದು ವಿಷಯ ಮನೆಯವರು ತಿಳ್ಕೊಂಡಿರ್ಬೇಕು. ಮೊದಲ ದಿನ ವಾಂತಿ, ಬಾಯಿ ಗಂಟಲು ಉರಿ. ಆಮೇಲೆ ನಾಲಿಗೆ ಮೇಲೆ ಹುಣ್ಣು. ಇದರ ನಡುವೆ ವಾಂತಿ ನಿಂತು ಮನುಷ್ಯ ಎದ್ದು ಕೂತು ಮಾತಾಡ್ತಾನೆ, ಬುದ್ಧಿ ಪೂರ್ತಿ ಸರಿ ಇರತ್ತೆ, ಮನೆಗೆ ಹೋಗೋಣ ಅಂತಾನೆ. ಅಷ್ಟರಲ್ಲಿ ಒಳಗೆ ಕಿಡ್ನಿ ಕೆಡ್ತಾ ಇರತ್ತೆ, ಶ್ವಾಸಕೋಶ ಗಟ್ಟಿಯಾಗೋದು ದಿನಗಳು, ಕೆಲವು ಸಲ ವಾರಗಳು ಕಳೆದ ಮೇಲೆ ಗೊತ್ತಾಗೋದು. ಆ ಚೆನ್ನಾಗಿರೋ ದಿನ ನೋಡಿ ಡಿಸ್ಚಾರ್ಜ್ ಕೇಳ್ಬೇಡಿ, ರಕ್ತ ಪರೀಕ್ಷೆ, ಎದೆ ಸ್ಕ್ಯಾನ್ ಎಲ್ಲ ನೋಡಿ ಡಾಕ್ಟರೇ ಹೋಗಿ ಅನ್ನೋವರೆಗೂ ಅಲ್ಲೇ ಇರಿ.